ಕ್ಯಾಸೆಟ್ಟಿನ ನೆನಪು ಎಷ್ಟು ಕಾಲ?

ಬೇಸಿಗೆಯ ರಜೆ ಮುಗಿದು ಕಾಲೇಜು ಆರಂಭವಾದ ವಾರದಲ್ಲಿ ನಮ್ಮ ವಿದ್ಯಾರ್ಥಿಯೊಬ್ಬ ಹಳದಿ ಬಣ್ಣದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಪ್ರಯೋಗಶಾಲೆಗೆ ತಂದನು. ಅಂಗೈಯಗಲದ ಆ ಡಬ್ಬಿಯ ಒಂದು ಅಂಚಿನಲ್ಲಿ ಲೋಹದ ಪಟ್ಟಿಗಳು ಹಲ್ಲಿನ ಸಾಲಿನಂತೆ ಕಾಣುತ್ತಿದ್ದವು. ಮೇಲಿನ ಚಿತ್ರ ಸವೆದುಹೋಗಿತ್ತು. ಅದರ ಪಕ್ಕದಲ್ಲಿ ಯಾರೋ ಪೆನ್ನಿನಿಂದ ‘ಗಣಿತ 2’ ಎಂದು ಬರೆದಿದ್ದರು. “ಸರ, ಇದು ನಮ್ಮ ಕಾಕಾನ ಟಿವಿ ಗೇಮಿನ ಕ್ಯಾಸೆಟ್ರಿ. ಮೊದಲ ಚಲೋ ಇತ್ತು, ಈಗ ಯಾಕೋ ಹತ್ತವಲ್ದು,” ಎಂದನು. ಸಿಂದಗಿ ತಾಲ್ಲೂಕಿನ ಅವನ ಮನೆಯಲ್ಲಿ, ಪತ್ರಾಸಿನ ಸೂರಿನ ಕೆಳಗಿದ್ದ ತಗಡಿನ ಟ್ರಂಕಿನೊಳಗೆ ಅದು ಇಪ್ಪತ್ತು ವರ್ಷಗಳಿಂದ ಬಿದ್ದಿತ್ತಂತೆ.

ಬಿದ್ದು ಒಡೆದಿರಲಿಲ್ಲ, ನೀರು ತಾಕಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಹಾಗಿದ್ದರೂ ಅದು ಕೆಟ್ಟಿತೇಕೆ? ಈ ಪ್ರಶ್ನೆಯ ಬೆನ್ನು ಹತ್ತಿ ನಾವು ಮತ್ತು ನಮ್ಮ ವಿದ್ಯಾರ್ಥಿಗಳು ಇಂತಹ ಕ್ಯಾಸೆಟ್ಟುಗಳನ್ನು ಕೂಡಿಸತೊಡಗಿದೆವು. ಇಂಡಿಯ ಟಿವಿ ದುರಸ್ತಿಯ ಅಂಗಡಿಯೊಂದರ ಮೂಲೆಯಲ್ಲಿ, ಮುದ್ದೇಬಿಹಾಳದ ಗುಜರಿ ಸಾಮಾನಿನ ರಾಶಿಯಲ್ಲಿ, ಬಸವನ ಬಾಗೇವಾಡಿಯ ಮಿತ್ರರೊಬ್ಬರ ಮನೆಯ ಅಟ್ಟದ ಮೇಲೆ ಅವು ದೊರೆತವು. ಈ ಸಂಗ್ರಹಣೆ ನಮಗೆ ಕಲಿಸಿದ ಭೌತಶಾಸ್ತ್ರವನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಸುರುಳಿಯಿಲ್ಲದ ಕ್ಯಾಸೆಟ್

ಹಾಡಿನ ಕ್ಯಾಸೆಟ್ಟಿನಲ್ಲಿ ಕಾಂತೀಯ ಲೇಪವುಳ್ಳ ಪಟ್ಟಿಯ ಸುರುಳಿಯಿರುವುದನ್ನು ಎಲ್ಲರೂ ಬಲ್ಲರು. ನಮ್ಮ ಹಳದಿ ಡಬ್ಬಿಯಲ್ಲಿ ಸುರುಳಿಯೂ ಇಲ್ಲ, ತಿರುಗುವ ಭಾಗವೂ ಇಲ್ಲ. ಇರುವುದು ಒಂದು ಹಸಿರು ಫಲಕ ಹಾಗೂ ಅದರ ಮೇಲೆ ಒಂದೆರಡು ಸಿಲಿಕಾನ್ ಚಿಪ್ಪುಗಳು. ಆದರೂ ನಮ್ಮ ಜನ ಅದನ್ನು ಕ್ಯಾಸೆಟ್ ಎಂದರು. ಅದು ಹುಟ್ಟಿದ ಜಪಾನಿನಲ್ಲಿಯೂ ಅದಕ್ಕೆ ಇದೇ ಹೆಸರು ರೂಢಿಯಾಗಿದೆ.

ಜಪಾನಿನ ನಿಂಟೆಂಡೊ ಸಂಸ್ಥೆ 1983ರ ಜುಲೈ 15ರಂದು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಹೆಸರಿನಲ್ಲಿರುವ ‘ಕಂಪ್ಯೂಟರ್’ ಬರಿಯ ಅಲಂಕಾರವಲ್ಲ. 1984ರಲ್ಲಿ ಅದಕ್ಕೆ ಕೀಲಿಮಣೆಯೂ, ಬೇಸಿಕ್ ಭಾಷೆಯಲ್ಲಿ ಕ್ರಮವಿಧಿ ಬರೆಯಲು ಅನುವಾಗುವ ಕ್ಯಾಸೆಟ್ಟೂ ಬಂದವು. ಮುಂದೆ ಅದರ ಅನುಕರಣೆಗಳು ಏಷ್ಯದ ತುಂಬ ಹರಡಿದವು. ಭಾರತದಲ್ಲಿ ‘ಸಮುರಾಯ್’, ‘ಲಿಟ್ಲ್ ಮಾಸ್ಟರ್’ ಮೊದಲಾದ ಹೆಸರುಗಳಲ್ಲಿ ಈ ಜಾತಿಯ ಯಂತ್ರಗಳು ಮನೆಗಳನ್ನು ಸೇರಿದವು. ಕೆಲವು ಯಂತ್ರಗಳಂತೂ ಪೂರ್ಣ ಕೀಲಿಮಣೆಯ ರೂಪದಲ್ಲಿಯೇ ಇದ್ದು, ನೆತ್ತಿಯ ಮೇಲೆ ಕ್ಯಾಸೆಟ್ಟಿನ ಸೀಳನ್ನು ಹೊಂದಿದ್ದವು. ಟಿವಿಗೆ ಜೋಡಿಸಿದರೆ ಟೈಪಿಂಗ್ ಪಾಠ, ಕೂಡುವ ಕಳೆಯುವ ಲೆಕ್ಕ, ಆಟ ಎಲ್ಲವೂ ದೊರೆಯುತ್ತಿದ್ದವು.

1984ರಲ್ಲಿ ಭಾರತ ಸರ್ಕಾರ ಸುಮಾರು 250 ಶಾಲೆಗಳಲ್ಲಿ ಬಿಬಿಸಿ ಮೈಕ್ರೊ ಗಣಕಗಳ ಮೂಲಕ ಗಣಕಶಿಕ್ಷಣದ ಪ್ರಯೋಗವನ್ನು ಆರಂಭಿಸಿತ್ತು. ಇಷ್ಟು ವಿಶಾಲವಾದ ದೇಶಕ್ಕೆ ಅದೆಷ್ಟರ ಮಾತು! ಸೊಲ್ಲಾಪುರ, ಪುಣೆ, ಮುಂಬಯಿಗಳಿಗೆ ದುಡಿಯಲು ಹೋದವರು ಹಬ್ಬಕ್ಕೆ ಊರಿಗೆ ಮರಳುವಾಗ ಹೊತ್ತು ತಂದ ಈ ಕೀಲಿಮಣೆಯೇ ನಾವು ಕಂಡ ಹಲವು ಮನೆಗಳಲ್ಲಿ ಮೊದಲ ಕಂಪ್ಯೂಟರಾಗಿತ್ತು.

ಅರವತ್ತು ಪಟ್ಟಿಗಳ ಕೆಲಸ

ಈ ಕ್ಯಾಸೆಟ್ಟಿನ ಅಂಚಿನಲ್ಲಿ ಒಂದೊಂದು ಮಗ್ಗುಲಿಗೆ 30ರಂತೆ 60 ಲೋಹದ ಪಟ್ಟಿಗಳಿವೆ. ಅವುಗಳಲ್ಲಿ 15 ಪಟ್ಟಿಗಳು ‘ವಿಳಾಸ’ವನ್ನು ಒಯ್ಯುತ್ತವೆ. ಪ್ರತಿಯೊಂದರಲ್ಲಿಯೂ ವಿದ್ಯುತ್ತು ಇರಬಹುದು ಇಲ್ಲವೆ ಇಲ್ಲದಿರಬಹುದು, ಎಂದರೆ ಎರಡೇ ಸ್ಥಿತಿ. ಹೀಗೆ 15 ತಂತಿಗಳಿಂದ ಎಷ್ಟು ಬೇರೆಬೇರೆ ವಿಳಾಸಗಳನ್ನು ಸೂಚಿಸಬಹುದು? 2ನ್ನು 15 ಸಲ ಗುಣಿಸಿದರೆ 32,768. ಅಂಚೆ ಕಛೇರಿಯಲ್ಲಿ ಅಷ್ಟು ಗೂಡುಗಳ ಕಪಾಟು ಇದೆಯೆಂದು ಭಾವಿಸಿರಿ. ಯಂತ್ರವು ಒಂದು ಗೂಡಿನ ಸಂಖ್ಯೆಯನ್ನು ಕೂಗುತ್ತದೆ. ಆ ಗೂಡಿನಲ್ಲಿರುವುದನ್ನು ಇನ್ನೆಂಟು ತಂತಿಗಳು ಹೊರಗೆ ತರುತ್ತವೆ. ಎಂಟು ತಂತಿಗಳಿಂದ 0ಯಿಂದ 255ರವರೆಗಿನ ಯಾವುದಾದರೊಂದು ಸಂಖ್ಯೆಯನ್ನು ತಿಳಿಸಬಹುದು. ಇದೇ ಒಂದು ಬೈಟ್. ಚಿತ್ರಗಳಿಗಾಗಿ ಪ್ರತ್ಯೇಕ ತಂತಿಗಳೂ ಪ್ರತ್ಯೇಕ ಕಪಾಟೂ ಇರುತ್ತವೆ.

1985ರ ಪ್ರಸಿದ್ಧವಾದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟ ಒಟ್ಟು 40 ಕಿಲೊಬೈಟುಗಳಲ್ಲಿ ಅಡಗಿದೆ. ಅದರಲ್ಲಿ 32 ಕಿಲೊಬೈಟು ಆಟದ ಕ್ರಮವಿಧಿಗೆ, 8 ಚಿತ್ರಗಳಿಗೆ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಛಾಯಾಚಿತ್ರಕ್ಕೆ ಇದರ ಹತ್ತಾರು ಪಟ್ಟು ಸ್ಥಳ ಬೇಕು.

ಇಷ್ಟು ತಿಳಿದವರು ಕ್ಯಾಸೆಟ್ಟಿನ ಮೇಲಿನ ಬರಹವನ್ನು ಪರೀಕ್ಷಿಸಲು ಶಕ್ತರಾಗುತ್ತಾರೆ. ಮುದ್ದೇಬಿಹಾಳದಲ್ಲಿ ದೊರೆತ ಒಂದು ಕ್ಯಾಸೆಟ್ ‘ಒಂದರಲ್ಲಿ 9999 ಆಟಗಳು’ ಎಂದು ಸಾರುತ್ತಿತ್ತು. ಈ ಯಂತ್ರದ ಅತಿ ಸಣ್ಣ ಆಟಗಳು ಸಾಮಾನ್ಯವಾಗಿ 24 ಕಿಲೊಬೈಟಿನವು. ಅಂತಹ 9999 ಆಟಗಳಿಗೆ ಸುಮಾರು 234 ಮೆಗಾಬೈಟುಗಳ ಸ್ಥಳ ಬೇಕು. ಒಳಗಿನ ಚಿಪ್ಪು 1 ಮೆಗಾಬೈಟಿನದೆಂದು ಧಾರಾಳವಾಗಿ ಎಣಿಸಿದರೂ ಅದರಲ್ಲಿ ಹಿಡಿಯುವುದು 42 ಆಟಗಳು ಮಾತ್ರ! ಉಳಿದವು ಅವೇ ಆಟಗಳ ಪುನರಾವೃತ್ತಿ: ಒಂದರಲ್ಲಿ ಎರಡನೆಯ ಹಂತದಿಂದ ಆರಂಭ, ಇನ್ನೊಂದರಲ್ಲಿ ಹೆಚ್ಚು ಜೀವ, ಮತ್ತೊಂದರಲ್ಲಿ ಬರಿಯ ಹೆಸರಿನ ಬದಲಾವಣೆ.

ದೇಶಕ್ಕೊಂದು ಬಗೆ

ಒಂದು ಸೀಮೆಯ ಕ್ಯಾಸೆಟ್ ಇನ್ನೊಂದು ಸೀಮೆಯ ಯಂತ್ರದಲ್ಲಿ ನಡೆಯದಿರುವುದೂ ಉಂಟು. 1985ರಲ್ಲಿ ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಯಂತ್ರದಲ್ಲಿ ಪಟ್ಟಿಗಳು 72. ಅದರ ಕ್ಯಾಸೆಟ್ಟಿನೊಳಗೆ ಒಂದು ಬೀಗದ ಚಿಪ್ಪು; ಯಂತ್ರದೊಳಗಿನ ಜೊತೆಯ ಚಿಪ್ಪಿನೊಂದಿಗೆ ಅದು ಹೊಂದಿಕೊಳ್ಳದಿದ್ದರೆ ಆಟ ತೊಡಗುವುದಿಲ್ಲ. ಜಪಾನಿನ 60 ಪಟ್ಟಿಯ ಯಂತ್ರಕ್ಕೆ ಈ ಬೀಗವಿರಲಿಲ್ಲ. ಅನುಕರಣೆ ಮಾಡುವವರಿಗೆ ಇದಕ್ಕಿಂತ ಅನುಕೂಲವೇನು ಬೇಕು? ನಮ್ಮ ಊರುಗಳಲ್ಲಿ ಸಿಗುವ ಕ್ಯಾಸೆಟ್ಟುಗಳೆಲ್ಲ ಬಹುಮಟ್ಟಿಗೆ 60 ಪಟ್ಟಿಯವಾಗಿರುವುದಕ್ಕೆ ಇದೇ ಕಾರಣ.

ಟಿವಿಯ ಭೇದವೂ ಒಂದಿದೆ. ಜಪಾನಿನ ಟಿವಿ ಪರದೆಯನ್ನು ಸೆಕೆಂಡಿಗೆ 60 ಸಲ ಬರೆಯುತ್ತಿತ್ತು, ಭಾರತದ್ದು 50 ಸಲ. ಈ ಆಟಗಳಲ್ಲಿ ಓಟ ನೆಗೆತಗಳೆಲ್ಲ ಪರದೆಯ ಲೆಕ್ಕಕ್ಕೆ ಕಟ್ಟುಬಿದ್ದಿವೆ. ಆದುದರಿಂದ 60ರ ಲೆಕ್ಕಕ್ಕೆ ಬರೆದ ಆಟ 50ರ ಯಂತ್ರದಲ್ಲಿ ಆರರಲ್ಲಿ ಒಂದು ಪಾಲು ನಿಧಾನವಾಗಿ ಸಾಗುತ್ತದೆ. ಟೋಕಿಯೊದ ಹುಡುಗ ಹತ್ತು ಸೆಕೆಂಡಿನಲ್ಲಿ ದಾಟಿದ ಹಳ್ಳವನ್ನು ಇಂಡಿಯ ಹುಡುಗ ಹನ್ನೆರಡು ಸೆಕೆಂಡಿನಲ್ಲಿ ದಾಟುತ್ತಿದ್ದನು.

ಎರಡು ಬಗೆಯ ನೆನಪು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕ್ಯಾಸೆಟ್ಟಿನ ಚಿಪ್ಪುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಕಾರ್ಖಾನೆಯಲ್ಲಿ ಚಿಪ್ಪನ್ನು ರೂಪಿಸುವಾಗಲೇ ಸಂಖ್ಯೆಗಳು ತಂತಿಗಳ ವಿನ್ಯಾಸವಾಗಿ ಅಚ್ಚಾಗುತ್ತವೆ. ಇದು ಕಲ್ಲಿನ ಮೇಲೆ ಕೊರೆದ ಶಾಸನದಂತೆ. ಚಿಪ್ಪೇ ಹಾಳಾಗದ ಹೊರತು ಬರಹ ಅಳಿಯದು. ಸಾವಿರಗಟ್ಟಲೆ ಪ್ರತಿಗಳನ್ನು ತೆಗೆಯುವವರಿಗೆ ಇದು ಅಗ್ಗ.

ಕೆಲವೇ ಪ್ರತಿಗಳನ್ನು ತೆಗೆಯುವವರಿಗೆ ಅಚ್ಚು ದುಬಾರಿ. ಅವರು ಬಳಸುವುದು ‘ಈಪ್ರಾಮ್’ ಎಂಬ ಎರಡನೆಯ ಬಗೆಯನ್ನು. ಇಂಟೆಲ್ ಸಂಸ್ಥೆಯಲ್ಲಿದ್ದ ಡಾವ್ ಫ್ರೋಮನ್ ಎಂಬ ವಿಜ್ಞಾನಿ 1971ರಲ್ಲಿ ಇದನ್ನು ರೂಪಿಸಿದರು. ಇದರ ಒಂದೊಂದು ಕೋಶದಲ್ಲಿಯೂ ಗಾಜಿನಂತಹ ಸಿಲಿಕಾನ್ ಡೈಆಕ್ಸೈಡಿನ ಹೊದಿಕೆಯಲ್ಲಿ ಹುದುಗಿದ, ಯಾವ ತಂತಿಗೂ ಸೇರದ ಒಂದು ಪುಟ್ಟ ದ್ವೀಪವಿದೆ. ಹೆಚ್ಚಿನ ವೋಲ್ಟೇಜಿನಿಂದ ಎಲೆಕ್ಟ್ರಾನುಗಳನ್ನು ಆ ದ್ವೀಪಕ್ಕೆ ನೂಕಿದರೆ ಅವು ಅಲ್ಲಿಯೇ ಸೆರೆಯಾಗುತ್ತವೆ. ಸೆರೆಯಾಳುಗಳಿದ್ದರೆ ಆ ಕೋಶ 0, ಇಲ್ಲದಿದ್ದರೆ 1. ಹೀಗೆ ಎಲೆಕ್ಟ್ರಾನುಗಳ ಸೆರೆವಾಸವೇ ಈ ಚಿಪ್ಪಿನ ನೆನಪು.

ಸೆರೆಮನೆಯ ಗೋಡೆ ಸುಮಾರು 3.2 ಎಲೆಕ್ಟ್ರಾನ್-ವೋಲ್ಟ್ ಎತ್ತರವಾಗಿದೆ. ಚಿಪ್ಪನ್ನು ಅಳಿಸಲು ಬಳಸುವ ಅತಿನೇರಳೆ ದೀಪದ ತರಂಗಾಂತರ 2537 ಆಂಗ್‌ಸ್ಟ್ರಾಮ್. ಅದರ ಒಂದು ಫೋಟಾನಿನ ಶಕ್ತಿ ಸುಮಾರು 4.9 ಎಲೆಕ್ಟ್ರಾನ್-ವೋಲ್ಟ್. ಆ ಶಕ್ತಿಯನ್ನು ಪಡೆದ ಎಲೆಕ್ಟ್ರಾನು ಗೋಡೆಯನ್ನು ಹಾರಿ ಹೊರಬೀಳುತ್ತದೆ. ಇದಕ್ಕಾಗಿಯೇ ಈ ಚಿಪ್ಪುಗಳ ನೆತ್ತಿಯ ಮೇಲೆ ಸ್ಫಟಿಕದ ಕಿಟಕಿಯೊಂದಿದ್ದು, ಅದನ್ನು ಚೀಟಿಯಿಂದ ಮುಚ್ಚಿರುತ್ತಾರೆ. ಕುತೂಹಲಕ್ಕಾಗಿ ಆ ಚೀಟಿಯನ್ನು ಕೀಳಬಾರದು. ನೇರ ಬಿಸಿಲಿಗೆ ಸುಮಾರು ಒಂದು ವಾರ ಒಡ್ಡಿದರೆ ಬರಹ ಅಳಿಯುವುದೆಂದೂ, ಕೊಠಡಿಯ ಕೊಳವೆದೀಪಕ್ಕೆ ಸತತವಾಗಿ ಒಡ್ಡಿದರೆ ಮೂರು ವರ್ಷಗಳಲ್ಲಿ ಅಳಿಯಬಹುದೆಂದೂ ಇಂಟೆಲ್ ಸಂಸ್ಥೆಯೇ ತನ್ನ ವಿವರಪತ್ರದಲ್ಲಿ ಎಚ್ಚರಿಸಿತ್ತು.

ಬೆಳಕು ತಾಕದಿದ್ದರೂ ಶಾಖವಿದೆಯಷ್ಟೆ. ಶಾಖ ಏರಿದಂತೆ ಎಲೆಕ್ಟ್ರಾನುಗಳ ಸೋರಿಕೆ ಘಾತೀಯವಾಗಿ ಏರುತ್ತದೆ. ಹೊದಿಕೆಯಲ್ಲಿ ದೋಷವುಳ್ಳ ಒಂದು ಚಿಪ್ಪಿನ ಸೋರಿಕೆಗೆ 0.6 ಎಲೆಕ್ಟ್ರಾನ್-ವೋಲ್ಟ್ ಶಕ್ತಿ ಬೇಕೆಂದು ಇಟ್ಟುಕೊಳ್ಳೋಣ. ಅರೇನಿಯಸ್ ಸೂತ್ರದಂತೆ ಲೆಕ್ಕಹಾಕಿದರೆ 30 ಡಿಗ್ರಿ ಸೆಲ್ಸಿಯಸ್ಸಿಗಿಂತ 45 ಡಿಗ್ರಿಯಲ್ಲಿ ಅದು ಸುಮಾರು ಮೂರು ಪಟ್ಟು ಬೇಗ ಸೋರುತ್ತದೆ. ಕಾಲೇಜಿನ ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು. ವಿಜಯಪುರ ಜಿಲ್ಲೆಯ ಬೇಸಿಗೆ ನೆರಳಿನಲ್ಲಿಯೇ 40 ಡಿಗ್ರಿಯನ್ನು ದಾಟುತ್ತದೆ. ಪತ್ರಾಸಿನ ಕೆಳಗಿನ ತಗಡಿನ ಟ್ರಂಕಿನ ಪಾಡನ್ನು ಕೇಳುವುದೇನು!

ಮರೆವಿಗೆ ಮದ್ದು

ವಿದ್ಯಾರ್ಥಿಯ ಡಬ್ಬಿಯನ್ನು ತೆರೆದೆವು. ಚೀಟಿ ಅಂಟಿಸಿದ ಈಪ್ರಾಮ್ ಒಳಗಿತ್ತು. ಎಂದರೆ ಇದು ಅಚ್ಚಿನ ಮಾಲಲ್ಲ, ಕೆಲವೇ ಪ್ರತಿಗಳಲ್ಲಿ ತಯಾರಾದುದು. ಮೊದಲು ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆವು. ಕ್ಯಾಸೆಟ್ ನಡೆಯದಿದ್ದಾಗ ‘ಉಫ್’ ಎಂದು ಊದುವುದು ನಮ್ಮೆಲ್ಲರ ಬಾಲ್ಯದ ಅಭ್ಯಾಸ. ಅದರಲ್ಲಿ ಗುಣವಿದ್ದುದು ಊದಿದ್ದರಲ್ಲಲ್ಲ, ತೆಗೆದು ಮತ್ತೆ ಸಿಕ್ಕಿಸಿದಾಗ ಆದ ಉಜ್ಜುವಿಕೆಯಲ್ಲಿ. ಉಸಿರಿನ ತೇವ ಲೋಹಕ್ಕೆ ಕಿಲುಬನ್ನೇ ತರುತ್ತದೆ.

ಬಳಿಕ ಅಗ್ಗದ ಆರ್ಡುಯಿನೊ ಫಲಕವೊಂದರಿಂದ ಗೂಡುಗಳನ್ನು ಒಂದೊಂದಾಗಿ ಓದಿ, ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸಿದೆವು. ಎಲ್ಲವನ್ನೂ ಕೂಡಿ ಒಂದು ಮೊತ್ತ ತೆಗೆದೆವು. ಎರಡನೆಯ ಸಲ ಓದಿದಾಗ ಮೊತ್ತ ಬೇರೆ ಬಂದಿತು! 0 ಇರಬೇಕಾದ ಕೆಲವು ಕೋಶಗಳು ಒಮ್ಮೆ 0 ಎಂದೂ ಒಮ್ಮೆ 1 ಎಂದೂ ನುಡಿಯುತ್ತಿದ್ದವು. ಸೆರೆಯಾಳುಗಳು ಪೂರ್ಣವಾಗಿ ತಪ್ಪಿಸಿಕೊಂಡಿರಲಿಲ್ಲ, ಅರ್ಧಮರ್ಧ ಉಳಿದಿದ್ದವು.

ಇಲ್ಲಿ ಭೌತಶಾಸ್ತ್ರ ಕೈಹಿಡಿಯಿತು. ಕೋಶವನ್ನು ಓದುವಾಗ ಅದಕ್ಕೆ 5 ವೋಲ್ಟ್ ಒಡ್ಡುತ್ತೇವೆ. ದ್ವೀಪದಲ್ಲಿ ಎಲೆಕ್ಟ್ರಾನುಗಳು ತುಂಬಿದ್ದರೆ ಆ 5 ವೋಲ್ಟಿಗೆ ಅವು ತಡೆಯೊಡ್ಡುತ್ತವೆ, ಕೋಶ ತೆರೆಯದೆ 0 ಎನ್ನುತ್ತದೆ. ಎಲೆಕ್ಟ್ರಾನುಗಳು ಸೋರಿದಂತೆ ತಡೆಯ ಶಕ್ತಿ ಕುಗ್ಗುತ್ತದೆ. ಹಾಗಿದ್ದರೆ ನಾವು ಒಡ್ಡುವ ವೋಲ್ಟೇಜನ್ನೇ ತುಸು ತಗ್ಗಿಸಿದರೆ? ಕುಗ್ಗಿದ ತಡೆಯೂ ಅದನ್ನು ತಾಳಿಕೊಳ್ಳಬೇಕು. ವಿದ್ಯುತ್ತನ್ನು 4.4 ವೋಲ್ಟಿಗೆ ಇಳಿಸಿ ಮತ್ತೆ ಓದಿದೆವು. ಮೂರು ಸಲ ಓದಿದರೂ ಮೊತ್ತ ಒಂದೇ! ಆ ಸಂಖ್ಯೆಗಳನ್ನು ಹೊಸ ಚಿಪ್ಪಿಗೆ ಬರೆದು ಯಂತ್ರಕ್ಕೆ ಜೋಡಿಸಿದಾಗ, ಟಿವಿಯ ಪರದೆಯ ಮೇಲೆ ಕೂಡುವ ಲೆಕ್ಕವೊಂದು ಮೂಡಿತು. ಹುಡುಗ ಕೂಡಲೇ ಕಾಕಾನಿಗೆ ಫೋನು ಮಾಡಿದನು.

ಇನ್ನಷ್ಟು ಬೇಸಿಗೆಗಳು ಕಳೆದಿದ್ದರೆ ಈ ಉಪಾಯವೂ ಫಲಿಸುತ್ತಿರಲಿಲ್ಲ. ಪೂರ್ಣವಾಗಿ ಸೋರಿದ ಚಿಪ್ಪಿನ ಎಲ್ಲ ಗೂಡುಗಳಿಂದಲೂ ಬರುವ ಉತ್ತರ 255 ಒಂದೇ.

ಆದುದರಿಂದ ಸಂಗ್ರಹಕಾರರಾಗಬಯಸುವ ತರುಣರಿಗೆ ನಮ್ಮ ಮಾತಿಷ್ಟು. ಕ್ಯಾಸೆಟ್ಟನ್ನು ತಂಪಾದ, ಒಣಗಿದ, ಕತ್ತಲೆಯ ಜಾಗದಲ್ಲಿಡಿ. ಯಾವ ಊರಿನಲ್ಲಿ, ಯಾವ ಬಗೆಯ ಯಂತ್ರದೊಡನೆ ದೊರೆಯಿತೆಂದು ಬರೆದಿಡಿ. ಮೇಲಿನ ಕೈಬರಹವನ್ನು ಅಳಿಸಬೇಡಿ. ಬೇಗನೆ ಓದಿ, ಎರಡು ಮೂರು ಸಲ ಓದಿ, ಮೊತ್ತವನ್ನು ಹೋಲಿಸಿ. ಅಂಕಿಗಳು ಸ್ಥಳ ಬದಲಿಸಿದರೂ ಬರಿಯ ಮೊತ್ತ ಬದಲಾಗದು. ಅದಕ್ಕಾಗಿ ಸಿಆರ್‌ಸಿ-32 ಎಂಬ ಇನ್ನೂ ಸೂಕ್ಷ್ಮವಾದ ಪರೀಕ್ಷೆಯುಂಟು. ಉಳಿಸಲು ತೆಗೆದ ಪ್ರತಿಯನ್ನು ಮಾರಾಟಕ್ಕೆ ಇಡಬೇಡಿ. ಕ್ರಮವಿಧಿಗೂ ಕರ್ತೃವಿದ್ದಾನೆ, ಅವನಿಗೆ ಹಕ್ಕಿದೆ.

ಬಸವಣ್ಣನವರ ಜನ್ಮಸ್ಥಳವೆನಿಸಿದ ಬಾಗೇವಾಡಿ ಇದೇ ಸೀಮೆಯದು. ವಚನಗಳ ತಾಳೆಗರಿಗಳು ಮನೆಮನೆಗಳಲ್ಲಿ ಹುಳು ಹಿಡಿಯುತ್ತಿದ್ದ ಕಾಲದಲ್ಲಿ ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಅವುಗಳನ್ನು ಹುಡುಕಿ ಕೂಡಿಸಿದರು. ಕೂಡಿಸಿ ಕಪಾಟಿನಲ್ಲಿಟ್ಟಿದ್ದರೆ ಅವು ಅಲ್ಲಿಯೂ ಹುಳು ಹಿಡಿಯುತ್ತಿದ್ದವು. ಅವರು ಓದಿದರು, ಪ್ರತಿಮಾಡಿದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಹಾಕಿಸಿದರು. ವಚನಗಳ ಹಿರಿಮೆಗೂ ಮಕ್ಕಳಾಟದ ಕ್ಯಾಸೆಟ್ಟಿಗೂ ಹೋಲಿಕೆಯಿಲ್ಲ, ನಿಜ. ಆದರೆ ಗರಿಯನ್ನು ತಿನ್ನುವ ಹುಳುವಿಗೂ ಚಿಪ್ಪಿನಿಂದ ಸೋರುವ ಎಲೆಕ್ಟ್ರಾನಿಗೂ ಬರಹದ ಹಿರಿಮೆ ಕಿರಿಮೆ ತಿಳಿಯದು. ನಿಮ್ಮ ಮನೆಯ ಟ್ರಂಕಿನಲ್ಲಿಯೂ ಇಂತಹದೊಂದು ಡಬ್ಬಿಯಿದ್ದರೆ ಮುಂದಿನ ಬೇಸಿಗೆಯೊಳಗೆ ಹೊರತೆಗೆಯಿರಿ.