ಕಣವೋ, ಜೀವಕೋಶವೋ: ಗಡಿನಾಡಿನ ಮನೆಗೆ ಬಂದ ದೂರದರ್ಶನ ವಿಜ್ಞಾನ

ಹಗರಿಯ ಮಗ್ಗುಲಲ್ಲಿರುವ ಬೊಮ್ಮನಹಾಳ್ ಸೀಮೆ 1953ರ ಸೆಪ್ಟೆಂಬರ್ ಮುಗಿಯುವವರೆಗೂ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಉಳಿದವು. ಮಿಕ್ಕ ಬಳ್ಳಾರಿ ಮೈಸೂರು ರಾಜ್ಯವನ್ನು ಸೇರಿತು. ಅಂದಿನಿಂದ ಇಲ್ಲಿನ ಕನ್ನಡ ಮಕ್ಕಳು ಮನೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಇನ್ನೊಂದು ಮಾತು ಕೇಳುತ್ತಲೇ ಬೆಳೆದಿದ್ದಾರೆ. ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ ಕಡೆಯ ಮಕ್ಕಳ ಪಾಡೂ ಇದೇ. ಎರಡು ನುಡಿ ಬಲ್ಲವನಿಗೆ ನಷ್ಟವೇನೂ ಇಲ್ಲವೆಂಬುದು ಸಂತೆಯಲ್ಲಿ ನಿಜ. ವಿಜ್ಞಾನದ ಪಾಠಕ್ಕೆ ಬಂದಾಗ ಮಾತ್ರ ಒಂದು ವಿಚಿತ್ರ ತೊಡಕು ಕಾಣಿಸಿಕೊಳ್ಳುತ್ತದೆ.

ಕನ್ನಡ ಪಠ್ಯಪುಸ್ತಕದಲ್ಲಿ 'ಜೀವಕೋಶ' ಎಂದು ಓದಿದ ಹುಡುಗಿ ಸಂಜೆ ತೆಲುಗು ವಾಹಿನಿಯಲ್ಲಿ ಅದನ್ನೇ 'ಕಣಂ' ಎಂದು ಕೇಳುತ್ತಾಳೆ. ಕನ್ನಡದಲ್ಲಿ ಕಣವೆಂದರೆ ಧೂಳಿನ ಕಣ, ಮರಳಿನ ಕಣ, ಭೌತಶಾಸ್ತ್ರದ ಕಣ. ಜೀವಕೋಶಗಳ ಸಮೂಹಕ್ಕೆ ಕನ್ನಡದಲ್ಲಿ 'ಅಂಗಾಂಶ'ವೆಂದರೆ ತೆಲುಗಿನಲ್ಲಿ 'ಕಣಜಾಲಂ'. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳುವ ಕ್ರಿಯೆ ಕನ್ನಡ ಪುಸ್ತಕದಲ್ಲಿ 'ದ್ಯುತಿಸಂಶ್ಲೇಷಣೆ', ತೆಲುಗಿನಲ್ಲಿ 'ಕಿರಣಜನ್ಯ ಸಂಯೋಗಕ್ರಿಯ'. ಎರಡೂ ಸಂಸ್ಕೃತದ ಮನೆಯಿಂದಲೇ ಬಂದವು. ಆದರೂ ಒಂದರಿಂದ ಇನ್ನೊಂದನ್ನು ಊಹಿಸಲು ಬಾರದು. ಪರಮಾಣು, ಗುರುತ್ವಾಕರ್ಷಣೆ, ಉಪಗ್ರಹ ಮೊದಲಾದವು ಎರಡೂ ಕಡೆ ಒಂದೇ ಆಗಿರುವುದು ಪುಣ್ಯ. ದೂರದರ್ಶನದ ವಿಜ್ಞಾನ ಗಡಿನಾಡಿಗೆ ಹೇಗೆ ಬಂದಿತು, ಯಾವ ಮಾತಿನಲ್ಲಿ ಬಂದಿತು ಎಂಬ ಪ್ರಶ್ನೆಗೆ ಇಲ್ಲಿ ತೂಕ ಬರುವುದು ಈ ಕಾರಣದಿಂದಲೇ.

ಭಾರತದಲ್ಲಿ ಸಾಮಾನ್ಯ ವೀಕ್ಷಕರಿಗಾಗಿ ಸಮಕಾಲೀನ ವಿಜ್ಞಾನವನ್ನು ನಿಯತಕಾಲಿಕದ ಧಾಟಿಯಲ್ಲಿ ಉಣಬಡಿಸಿದ ಸರಣಿಗಳಲ್ಲಿ ಹೆಸರಾದುದು 'ಟರ್ನಿಂಗ್ ಪಾಯಿಂಟ್'. 1991ರಲ್ಲಿ ದೂರದರ್ಶನದ ರಾಷ್ಟ್ರೀಯ ಜಾಲದಲ್ಲಿ ಅದು ಆರಂಭವಾಯಿತು. ಒಂದೇ ಕಂತಿನಲ್ಲಿ ಹಲವು ಸಣ್ಣ ವರದಿಗಳು, ನಡುವೆ ನಿರೂಪಕರ ಮಾತು, ವೀಕ್ಷಕರು ಬರೆದು ಕಳಿಸಿದ ಪ್ರಶ್ನೆಗಳಿಗೆ ಪ್ರೊಫೆಸರ್ ಯಶಪಾಲರ ಉತ್ತರ. ಅದರ ನಿರೂಪಕರಲ್ಲಿ ಒಬ್ಬರು ಗಿರೀಶ ಕಾರ್ನಾಡರು. 'ಯಯಾತಿ', 'ತುಘಲಕ್' ನಾಟಕಗಳ ಕರ್ತೃವಿಗೆ ವಿಜ್ಞಾನದ ಗೊಡವೆ ಏತಕ್ಕೆ ಎಂದು ಹುಬ್ಬೇರಿಸಿದವರು ಅವರ ವಿದ್ಯಾಭ್ಯಾಸವನ್ನು ಮರೆತಿದ್ದರೆನ್ನಬೇಕು: ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಅವರು ಪದವಿಗೆ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರವನ್ನು. ದೇಶಕ್ಕೆಲ್ಲ ವಿಜ್ಞಾನವಾರ್ತೆ ತಿಳಿಸಿದ ಮುಖಗಳಲ್ಲಿ ಒಂದು ಕನ್ನಡದ್ದೇ ಆಗಿತ್ತು. ಮಾತು ಮಾತ್ರ ಕನ್ನಡದ್ದಾಗಿರಲಿಲ್ಲ. ರಾಷ್ಟ್ರೀಯ ಜಾಲದ ನಿಯಮವೇ ಅದಾಗಿದ್ದುದರಿಂದ ಯಾರನ್ನೂ ದೂರುವಂತಿಲ್ಲ.

ಯಶಪಾಲರು ವಿಶ್ವಕಿರಣಗಳನ್ನು ಅಧ್ಯಯನ ಮಾಡಿದ ಭೌತವಿಜ್ಞಾನಿ. ಉತ್ತರ ಹೇಳುವಾಗ ಅವರು ಪ್ರಶ್ನೆಯನ್ನು ಮೊದಲು ಗೌರವಿಸುತ್ತಿದ್ದರು; ಕೇಳಿದವನು ಎಳೆಯನೆಂದು ಮಾತನ್ನು ತೆಳುಮಾಡುತ್ತಿರಲಿಲ್ಲ. ಈ ಪದ್ಧತಿ 1991ರಲ್ಲಿ ಒಮ್ಮೆಲೇ ಹುಟ್ಟಿದ್ದಲ್ಲ. ಅದರ ಬೇರು 16 ವರ್ಷ ಹಿಂದಕ್ಕೆ ಹೋಗುತ್ತದೆ, ಮತ್ತು ಆ ಕಥೆಯಲ್ಲಿ ಕನ್ನಡಕ್ಕೂ ಒಂದು ಪಾಲಿದೆ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಭಾರತವು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ದೂರದರ್ಶನ ತಲುಪಿಸಿತು. 'ಸೈಟ್' ಎಂದು ಕರೆಯಲಾದ ಈ ಪ್ರಯೋಗದ ಕಾಲದಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ನಿರ್ದೇಶಕರಾಗಿದ್ದವರು ಇದೇ ಯಶಪಾಲರು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಹತ್ತಡಿ ಅಗಲದ ಬೋಗುಣಿಯಾಕಾರದ ಆಂಟೆನಾ ಹಳ್ಳಿಯ ಸಾರ್ವಜನಿಕ ಕಟ್ಟಡದ ಬಳಿ ನಿಂತಿತು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿಗೆಲ್ಲ ಕಾರ್ಯಕ್ರಮ. ಹಿಂದಿ, ಒಡಿಯಾ, ತೆಲುಗು, ಕನ್ನಡ ಈ ನಾಲ್ಕೇ ಅದರ ಭಾಷೆಗಳು. ತೆಲುಗು ಮತ್ತು ಕನ್ನಡ ಕಾರ್ಯಕ್ರಮಗಳೆರಡಕ್ಕೂ ಹೈದರಾಬಾದೇ ತಯಾರಿಕಾ ಕೇಂದ್ರವಾಗಿತ್ತು. ಒಂದೇ ಚಿತ್ರದೊಂದಿಗೆ ಎರಡು ಭಾಷೆಗಳ ಧ್ವನಿ ಕಳಿಸುವ ಸೌಕರ್ಯವೂ ಆ ಉಪಗ್ರಹದಲ್ಲಿತ್ತು. ಗಡಿನಾಡಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಬೇರೆ ಯಾವುದಿದ್ದೀತು!

ಆದರೆ ಕರ್ನಾಟಕದಲ್ಲಿ ಆರಿಸಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ತುಂಗಭದ್ರೆಯ ದಕ್ಷಿಣಕ್ಕಿರುವ ಬಳ್ಳಾರಿಯಾಗಲಿ ಅನಂತಪುರವಾಗಲಿ ಪಟ್ಟಿಯಲ್ಲಿರಲಿಲ್ಲ. ವರ್ಷ ತುಂಬಿದೊಡನೆ ಉಪಗ್ರಹ ತನ್ನ ಒಡೆಯರ ಬಳಿಗೆ ಮರಳಿತು.

ಗುಲ್ಬರ್ಗದ ಹೆಸರು ಬಂದುದರಿಂದ ಒಂದು ಸಂಗತಿ ಹೇಳದೆ ಮುಂದೆ ಹೋಗುವುದು ಸಲ್ಲದು. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಜನ ಸುರಕ್ಷಿತ ಕನ್ನಡಕ ಧರಿಸಿ ಬೆಂಕಿಯ ಉಂಗುರವನ್ನು ನೋಡಿ ನಲಿದರು. ಅದೇ ಬೆಳಿಗ್ಗೆ ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ಗುಣವಾದೀತೆಂಬ ನಂಬಿಕೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಸೈಟ್ ಪ್ರಯೋಗದ ಜಿಲ್ಲೆಯಲ್ಲೇ, ನಾಲ್ಕು ದಶಕಗಳ ತರುವಾಯ. ಹೆತ್ತವರನ್ನು ನಿಂದಿಸುವುದು ಸುಲಭ. ಬೇರೆ ದಾರಿ ಕಾಣದ ತಾಯಿ ಯಾವ ಮಾತನ್ನಾದರೂ ನಂಬಿಯಾಳು. ಆ ತಾಯಿಗೆ ಅರ್ಥವಾಗುವ ಕನ್ನಡದಲ್ಲಿ ಅಂದು ಬೆಳಗಿನಿಂದ ಪರದೆಯ ಮೇಲೆ ಕುಳಿತು ಮಾತನಾಡಿದವರು ಯಾರೆಂಬುದೇ ಕೇಳಬೇಕಾದ ಪ್ರಶ್ನೆ. ಗ್ರಹಣ ಬಂದಿತೆಂದರೆ ರಾಶಿಫಲ ಹೇಳುವವರಿಗೆ ದಿನವಿಡೀ ಆಸನ, ಖಗೋಳ ಬಲ್ಲವರಿಗೆ ಐದು ನಿಮಿಷ: ಖಾಸಗಿ ವಾಹಿನಿಗಳ ಈ ಲೆಕ್ಕ ವೀಕ್ಷಕರಿಗೆ ಹೊಸದಲ್ಲ.

ಹೀಗೆಯೇ ಆಗಬೇಕೆಂದೇನೂ ಇರಲಿಲ್ಲ. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣದ ನೆರಳು ಕಾರವಾರದ ಕರಾವಳಿಯಿಂದ ನಾಡನ್ನು ಹಾದು ಆಂಧ್ರದ ಕಡೆಗೆ ಹೋದಾಗ ಊರೂರ ಬೀದಿಗಳು ಭಯದಿಂದ ಬರಿದಾಗಿದ್ದವು. 1995ರ ಅಕ್ಟೋಬರ್ 24ರ ಗ್ರಹಣವನ್ನು ದೂರದರ್ಶನ ನೇರವಾಗಿ ತೋರಿಸಿತು, ವಿವರಣೆ ಯಶಪಾಲರದು. ರಾಜಸ್ಥಾನದಿಂದ ಬಂಗಾಳದವರೆಗೆ ಸಾಗಿದ ಆ ನೆರಳನ್ನು ದಕ್ಷಿಣದವರೂ ಮನೆಯಲ್ಲೇ ಕುಳಿತು ಕಂಡರು. ಅದಕ್ಕೆ ಕೇವಲ ಒಂದು ತಿಂಗಳ ಹಿಂದೆ, ಸೆಪ್ಟೆಂಬರ್ 21ರಂದು, ಗಣಪತಿ ಹಾಲು ಕುಡಿಯುತ್ತಾನೆಂಬ ಸುದ್ದಿ ದೇಶವನ್ನೇ ಆವರಿಸಿತ್ತು. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ, ಚಮಚೆಯ ಅಂಚಿನಿಂದ ಅದು ವಿಗ್ರಹದ ಮೈಮೇಲೆ ತೆಳುವಾಗಿ ಇಳಿಯುವುದನ್ನು ತೋರಿಸಿ, ಮೇಲ್ಮೈ ಎಳೆತದ ಪಾಠ ಹೇಳಿದರು. ಕಣ್ಣಿಗೆ ಕಾಣುವ ಪುರಾವೆಯಿದ್ದಲ್ಲಿ ಭಾಷಣ ಬೇಕಾಗುವುದಿಲ್ಲ. ದೂರದರ್ಶನಕ್ಕೆ ಆ ಶಕ್ತಿ ಇದೆ.

ಕನ್ನಡದಲ್ಲಿ ಏನೂ ನಡೆದಿಲ್ಲವೆಂದರೆ ಅನ್ಯಾಯವಾದೀತು. ಚಂದನ ವಾಹಿನಿಯಲ್ಲಿ 2002ರಿಂದ ವೈದ್ಯರೂ ವಿಜ್ಞಾನ ಲೇಖಕರೂ ಆದ ನಾ. ಸೋಮೇಶ್ವರರು ನಡೆಸುತ್ತ ಬಂದ 'ಥಟ್ ಅಂತ ಹೇಳಿ' ರಸಪ್ರಶ್ನೆ, ಬಹುಮಾನವಾಗಿ ಪುಸ್ತಕಗಳನ್ನೇ ಕೊಟ್ಟು, ಸಾಮಾನ್ಯ ಮನೆಗಳಿಗೆ ತಿಳಿವಳಿಕೆ ತಂದಿದೆ. ಗಡಿಯಾಚೆಯ ಬಡಾವಣೆಗಳಲ್ಲಿಯೂ ಉಪಗ್ರಹದ ತಟ್ಟೆ ಇದ್ದರೆ ಅದು ಸಿಗುತ್ತದೆ. ಆದರೆ ರಸಪ್ರಶ್ನೆಗೆ ಉತ್ತರ ಒಂದು ಶಬ್ದ. ಹೇಗೆ, ಏಕೆ ಎಂದು ಬಿಡಿಸಿ ಹೇಳುವ ವಾರದ ವಿಜ್ಞಾನಪತ್ರಿಕೆ ಬೇರೆಯೇ ಬಗೆ. 2019ರ ಜನವರಿ 15ರಂದು ಉದ್ಘಾಟನೆಗೊಂಡ 'ಡಿಡಿ ಸೈನ್ಸ್' ರಾಷ್ಟ್ರೀಯ ವಾಹಿನಿಯಲ್ಲಿ ದಿನಕ್ಕೊಂದು ಗಂಟೆ ಪಡೆಯಿತು, ಅದೂ ರಾಷ್ಟ್ರೀಯ ಜಾಲದ ಮಾತಿನಲ್ಲಿಯೇ.

ಬೊಮ್ಮನಹಾಳ್ ಸೀಮೆಯಲ್ಲಿ ಅಂಥ ಕಾರ್ಯಕ್ರಮಕ್ಕೆ ವಸ್ತು ಹುಡುಕಬೇಕಾಗಿಲ್ಲ. ದರ್ಗಾ ಹೊನ್ನೂರಿನ ಹೊಲಗಳಲ್ಲಿ ಮರಳ ದಿಬ್ಬಗಳು ಎದ್ದಿವೆ. ಅನಂತಪುರ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಒಣಗಿದ ಹಗರಿಯ ಪಾತ್ರದಿಂದ ಮುಂಗಾರಿನ ಗಾಳಿ ಮರಳನ್ನೆಬ್ಬಿಸುತ್ತದೆ. ನಯವಾದ ಧೂಳು ಮೇಲಕ್ಕೇರಿ ದೂರ ಹೋಗುತ್ತದೆ. ಮರಳಿನ ಕಾಳು ಹಾಗಲ್ಲ, ನೆಲದಿಂದ ಗೇಣು ಮೊಳ ಎತ್ತರಕ್ಕೆ ಚಿಮ್ಮಿ, ಬಿದ್ದು, ಬಿದ್ದ ಏಟಿಗೆ ಬೇರೆ ಕಾಳುಗಳನ್ನು ಚಿಮ್ಮಿಸುತ್ತ, ಕುಪ್ಪಳಿಸಿಕೊಂಡು ಸಾಗುತ್ತದೆ. ಆದ್ದರಿಂದಲೇ ಮೊಣಕಾಲೆತ್ತರದ ಪೊದೆಯ ಸಾಲು ಕೂಡ ಅದನ್ನು ತಡೆಯಬಲ್ಲದು, ಮತ್ತು ಆ ಪೊದೆ ಕಡಿದ ವರ್ಷವೇ ದಿಬ್ಬ ಹೊಲದೊಳಕ್ಕೆ ಹೆಜ್ಜೆಯಿಡುತ್ತದೆ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಆಂಧ್ರವನ್ನು ಹೊಗುವುದೂ ಇದೇ ಮಂಡಲದಲ್ಲಿ: ಒಂದು ಮಗ್ಗುಲಲ್ಲಿ ಕಾಲುವೆಯ ನೀರು, ಇನ್ನೊಂದು ಮಗ್ಗುಲಲ್ಲಿ ಹಾರುವ ಮರಳು. ಇದನ್ನು ತೋರಿಸಲು ಉಪಗ್ರಹದ ಎರವಲು ಬೇಡ. ಒಂದು ಕ್ಯಾಮೆರಾ, ಆಷಾಢದ ಒಂದು ಮಧ್ಯಾಹ್ನ, ಕನ್ನಡ ಶಾಲೆಯ ಅಂಗಳದಲ್ಲಿ ಅಂಟು ಬಳಿದು ನೆಟ್ಟ ಒಂದು ಕೋಲು. ಸಂಜೆಯ ಹೊತ್ತಿಗೆ ಕೋಲಿನ ಯಾವ ಎತ್ತರದವರೆಗೆ ಮರಳಿನ ಕಣ ಅಂಟಿದೆಯೆಂದು ಮಕ್ಕಳೇ ಅಳೆದು ಹೇಳುತ್ತಾರೆ. ಆ ಕಣಕ್ಕೆ ಎರಡೂ ಭಾಷೆಗಳಲ್ಲಿ ಏನೆನ್ನುತ್ತಾರೆಂಬುದನ್ನೂ ಹೇಳುತ್ತಾರೆ.