ಅರಕು ಕಣಿವೆಯ ಕಾಫಿ

ಕಾಫಿ ಎಂದೊಡನೆ ಕನ್ನಡಿಗರಿಗೆ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳು ನೆನಪಾಗುವುದು ಸಹಜ. 2019ರಲ್ಲಿ ಈ ಮೂರು ಸೀಮೆಗಳ ಅರೇಬಿಕಾ ಕಾಫಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ, ಅದೇ ಸಾಲಿನಲ್ಲಿ ಪೂರ್ವಘಟ್ಟದ ಕಣಿವೆಯೊಂದರ ಹೆಸರೂ ಇದ್ದಿತು. ಅದು ಆಂಧ್ರಪ್ರದೇಶದ ಅರಕು.

ವಿಶಾಖಪಟ್ಟಣದಿಂದ ಘಟ್ಟ ಹತ್ತಿ ಹೋದರೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಈ ಕಣಿವೆ ಹರಡಿಕೊಂಡಿದೆ. ಇಲ್ಲಿ ಕಾಫಿ ಬೆಳೆಯುವವರು ದೊಡ್ಡ ತೋಟಗಳ ಒಡೆಯರಲ್ಲ. ಬಗತ, ವಾಲ್ಮೀಕಿ, ಕೊಂಡದೊರ ಮೊದಲಾದ ಗಿರಿಜನರು. ಒಂದೆರಡು ಎಕರೆ ನೆಲವೇ ಇವರ ಆಸ್ತಿ. ಇವರ ಹಿರಿಯರು ಇಳಿಜಾರಿನ ಕಾಡನ್ನು ಕಡಿದು ಸುಟ್ಟು, ಕೆಲವು ವರ್ಷ ರಾಗಿ, ಸಾಮೆ ಬೆಳೆದು, ನೆಲ ಸೊರಗಿದಾಗ ಬೇರೆಡೆಗೆ ಸಾಗುತ್ತಿದ್ದರು. ಮಲೆನಾಡಿನವರು ಕುಮರಿ ಎಂದು ಕರೆಯುವ ಈ ಬೇಸಾಯಕ್ಕೆ ತೆಲುಗಿನಲ್ಲಿ ಪೋಡು ಎಂದು ಹೆಸರು. ಕಾಫಿಗಿಡಕ್ಕೆ ನೆರಳು ಬೇಕು. ನೆರಳಿಗೆ ಮರ ಉಳಿಯಬೇಕು. ಹೀಗೆ ಕಾಫಿ ಬಂದ ಗುಡ್ಡಗಳಲ್ಲಿ ಮರಕ್ಕೂ ಬೆಲೆ ಬಂದಿತು.

ಆದರೆ ನಾಲ್ಕು ಮೂಟೆ ಬೆಳೆಯುವವನಿಗೆ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವೆಲ್ಲಿ, ಪೇಟೆಗೆ ಸಾಗಿಸುವ ಲಾರಿಯೆಲ್ಲಿ? ದಲ್ಲಾಳಿ ಹೇಳಿದ್ದೇ ಬೆಲೆಯಾಗುತ್ತಿತ್ತು. ಈ ಕಷ್ಟಕ್ಕೆ ಪರಿಹಾರವಾಗಿ ಸಹಕಾರ ಸಂಘ ಹುಟ್ಟಿತು. ಸಾವಿರಾರು ಕುಟುಂಬಗಳ ಹಣ್ಣನ್ನು ಒಂದೆಡೆ ತಂದು, ಸುಲಿದು, ಲೋಳೆ ಕಳೆಯುವಂತೆ ತೊಳೆದು, ಒಣಗಿಸಿ ಮಾರುವ ವ್ಯವಸ್ಥೆಯಾಯಿತು. 2017ರಲ್ಲಿ ಪ್ಯಾರಿಸ್ ನಗರದಲ್ಲಿ ಅರಕು ಹೆಸರಿನ ಕಾಫಿ ಅಂಗಡಿಯೊಂದು ತೆರೆಯಿತೆಂದರೆ, ಅದರ ಹಿಂದೆ ಇಂಥ ಪುಟ್ಟ ಹಿಡುವಳಿಗಳ ದುಡಿಮೆಯಿದೆ.

ಈ ಕಾಫಿ ಸಾವಯವ. ಸಗಣಿ, ತರಗೆಲೆ, ಸುಲಿದ ಹಣ್ಣಿನ ಸಿಪ್ಪೆ ಕೊಳೆತು ಗೊಬ್ಬರವಾಗುತ್ತವೆ. ಕಾಂಡಕೊರಕ ಹುಳು ಮೊಟ್ಟೆಯಿಡದಂತೆ ಗಿಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯಬೇಕು. ಹುಳು ಹೊಕ್ಕ ಗಿಡವನ್ನು ಕಿತ್ತು ಸುಡಬೇಕು. ಔಷಧಿ ಸಿಂಪಡಿಸುವುದಕ್ಕಿಂತ ಇದು ಬಹಳ ಶ್ರಮದ ಕೆಲಸ. ದೃಢೀಕರಣ ಪತ್ರ ದೊರೆಯುವುದು ಇಡೀ ಗುಂಪಿಗೆ. ಕೆಲವರು ಕದ್ದು ರಾಸಾಯನಿಕ ಬಳಸಿ, ಸಂಘದ ತಪಾಸಣೆಯೂ ಸಡಿಲವಾದರೆ, ಸಂಚಕಾರ ಬರುವುದು ಎಲ್ಲರಿಗೂ.

ಒಣಗಿಸಿ ಸಿಪ್ಪೆ ತೆಗೆದ ಬೀಜ ಮಾಸಲು ಹಸಿರಾಗಿರುತ್ತದೆ. ಕಾಫಿಯ ಪರಿಮಳ ಅದರಲ್ಲಿ ಇಲ್ಲವೇ ಇಲ್ಲ. ಅದೆಲ್ಲ ಬೆಂಕಿಯ ಕೊಡುಗೆ. ಕಾದ ಉರುಳೆಯೊಳಗೆ ತಿರುಗುತ್ತ ಬೀಜ ತನ್ನಲ್ಲಿ ಉಳಿದ ನೀರನ್ನು ಬಿಟ್ಟುಕೊಡುತ್ತದೆ, ಹಳದಿಗೆ ತಿರುಗುತ್ತದೆ. ಹುಲ್ಲಿನ ವಾಸನೆ ಹೋಗಿ ಬೇಯುವ ರೊಟ್ಟಿಯ ವಾಸನೆ ಬರುತ್ತದೆ. ಬಳಿಕ ಅದರೊಳಗಿನ ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿ ಕಂದುಬಣ್ಣವನ್ನೂ ಪರಿಮಳವನ್ನೂ ಹುಟ್ಟಿಸುತ್ತವೆ. ಉಷ್ಣತೆ 200 ಡಿಗ್ರಿ ಸೆಲ್ಸಿಯಸ್ ಸಮೀಪಿಸುವ ವೇಳೆಗೆ ಒಳಗಿನ ಆವಿಯ ಒತ್ತಡಕ್ಕೆ ಬೀಜ ಬಿರಿದು, ಅರಳು ಸಿಡಿದಂತೆ ಚಟಚಟ ಸದ್ದಾಗುತ್ತದೆ. ಹುರಿಯುವವನು ಇದಕ್ಕೇ ಕಿವಿಗೊಟ್ಟು ನಿಂತಿರುತ್ತಾನೆ. ಸದ್ದಾದ ಸ್ವಲ್ಪ ಹೊತ್ತಿನಲ್ಲೇ ಇಳಿಸಿದರೆ ಆ ಮಣ್ಣಿನ ರುಚಿ ಉಳಿಯುತ್ತದೆ. ಕಪ್ಪಾಗುವವರೆಗೆ ಬಿಟ್ಟರೆ ಯಾವ ಸೀಮೆಯ ಕಾಫಿಯೂ ಒಂದೇ ಕಹಿ.

ಸಾವಯವ ಬೀಜವೆಂದು ಬೆಂಕಿ ಬೇರೆ ಬಗೆಯಾಗಿ ವರ್ತಿಸುವುದಿಲ್ಲ. ಗೊಬ್ಬರದ ಕಥೆಯನ್ನು ಅದು ಹೇಳಲಾರದು. ಕೊಯ್ಲಿನ ಕಥೆಯನ್ನು ಮಾತ್ರ ಮುಚ್ಚಿಡದು. ಕಾಯಾಗಿದ್ದಾಗಲೇ ಕಿತ್ತ ಬೀಜದಲ್ಲಿ ಸಕ್ಕರೆ ಕಡಿಮೆ. ಉಳಿದ ಬೀಜಗಳು ಕಂದಾದರೂ ಅದು ಬಿಳಿಚಿಕೊಂಡೇ ಉಳಿಯುತ್ತದೆ. ಬಟ್ಟಲಿಗೆ ಸಪ್ಪೆ ಹೊಟ್ಟಿನ ರುಚಿ ತರುತ್ತದೆ. ಹುರಿಯುವ ಮೊದಲು ಅದನ್ನು ಗುರುತಿಸುವುದು ಕಷ್ಟ. ನೂರಾರು ಮನೆಗಳ ಹಣ್ಣು ಬೆರೆತ ಮೇಲೆ ಅದು ಯಾರ ಬುಟ್ಟಿಯದೆಂದು ಹೇಳುವವರಾರು? ಒಬ್ಬನ ಆತುರಕ್ಕೆ ಎಲ್ಲರ ಬೆಲೆ ಇಳಿಯುತ್ತದೆ. ಅದಕ್ಕಾಗಿಯೇ ತೂಕಕ್ಕೆ ಮೊದಲು ಹಣ್ಣಿನ ಬಣ್ಣ ನೋಡುವುದು. ಒಂದೇ ಗಿಡದಲ್ಲಿ ಹಸಿರು, ಹಳದಿ, ಕೆಂಪು ಒಟ್ಟಿಗೇ ಇರುತ್ತವೆಯಾದ್ದರಿಂದ ಮನೆಮಂದಿಯೆಲ್ಲ ಅದೇ ಗಿಡದ ಬಳಿಗೆ ಮೂರು ನಾಲ್ಕು ಸಲ ಹೋಗುತ್ತಾರೆ. ಕೆಂಪಾದುದನ್ನಷ್ಟೇ ಬಿಡಿಸಿ, ಉಳಿದುದನ್ನು ಮುಂದಿನ ಸುತ್ತಿಗೆ ಬಿಟ್ಟು ಬರುತ್ತಾರೆ.