ಅಂಗಡಿಗೆ ಬಾರದ ಹಣ್ಣಿನ ಹಿತ್ತಿಲು

ಕ್ಯಾಲಿಫೋರ್ನಿಯದ ಸಾಂತಾ ಕ್ಲಾರಾ ಕಣಿವೆಯ ಒಂದು ಬಡಾವಣೆ, ನವೆಂಬರ್ ತಿಂಗಳು. ಮನೆಯ ಪಕ್ಕದ ಮರದ ಗೇಟು ತೆಗೆದರೆ ಮೊದಲು ಕಸದ ಡಬ್ಬಗಳು, ಆಮೇಲೆ ಸುತ್ತಿಟ್ಟ ನೀರಿನ ಪೈಪು, ಅದರಾಚೆ ದೊಡ್ಡ ಕುಂಡದಲ್ಲಿ ಕರಿಬೇವು. ಚಳಿಗೆ ಹೆದರಿ ಅದನ್ನು ಗೋಡೆಗೆ ಒತ್ತಿ ಇಟ್ಟಿದ್ದಾರೆ. ಕನ್ನಡದವರ ಮನೆ ಎಂದು ಬೇರೆ ಬೋರ್ಡು ಬೇಕಿಲ್ಲ. ನಾನು ಬಂದದ್ದು ಹಿತ್ತಿಲಿನ ಪರ್ಸಿಮನ್ ಮರಗಳನ್ನು ನೋಡಲು. ಮನೆಯವರು ಐದು ಜಾತಿ ಇವೆ ಅಂದಿದ್ದರು. ಮೂಲೆಯಲ್ಲಿ ನಿಂತು ಎಣಿಸಿದರೆ ಮರ ನಾಲ್ಕೇ.

ಮೊದಲನೆಯದು ಅಡುಗೆಮನೆ ಕಿಟಕಿಗೆ ಎದುರು. ಕೈಗೆಟಕುವ ಎತ್ತರ. ಎಲೆ ಅರ್ಧ ಉದುರಿದೆ, ಉಳಿದ ಎಲೆ ಕೇಸರಿಗೂ ಕೆಂಪಿಗೂ ನಡುವೆ. ಹಣ್ಣು ದುಂಡಗೆ, ಅಡಿ ಚಪ್ಪಟೆ. ತೊಟ್ಟಿನ ಬುಡದಲ್ಲಿ ನಾಲ್ಕು ಹಾಳೆಯ ಟೋಪಿ. ನರ್ಸರಿಯಲ್ಲಿ ಇದನ್ನು ಫುಯು ಎಂದು ಕೊಟ್ಟರಂತೆ. ಅದು ಜಪಾನಿನ ಗಿಫು ಪ್ರಾಂತ್ಯದ ಜಾತಿ. ಆದರೆ ಈ ಹಣ್ಣಿನ ಮೈಮೇಲೆ ಮೇಲಿಂದ ಕೆಳಕ್ಕೆ ನಾಲ್ಕು ತೆಳು ಗೀರು ಕಾಣುತ್ತಿತ್ತು, ಮೈ ಸ್ವಲ್ಪ ಚೌಕಕ್ಕೆ ವಾಲಿತ್ತು. ಜಪಾನಿನದೇ ಆದ ಶಿಜುವೊಕಾ ಕಡೆಯ ಜಿರೊ ಎಂಬ ಜಾತಿ ಹೀಗಿರುತ್ತದೆ, ಮತ್ತು ಅಮೆರಿಕದಲ್ಲಿ ಜಿರೊ ಮರಗಳು ಫುಯು ಹೆಸರಿನಲ್ಲೇ ಮಾರಾಟವಾಗುವುದು ಅಪರೂಪವೇನಲ್ಲ. ಜಿರೊ ಇರಬೇಕು ಎಂಬುದು ನನ್ನ ಅನುಮಾನ; ಬಾಜಿ ಕಟ್ಟಲಾರೆ.

ಎರಡರಲ್ಲಿ ಯಾವುದಾದರೂ ತಿನ್ನುವ ರೀತಿ ಒಂದೇ. ಗಟ್ಟಿ ಇರುವಾಗಲೇ ಸಿಪ್ಪೆ ಸಮೇತ ಕಚ್ಚಬಹುದು. ಕಚ್ಚಿದೆ. ಸಿಹಿ ಇದೆ, ಹುಳಿ ಎಂಬುದು ಹೆಸರಿಗೂ ಇಲ್ಲ. ಚೆನ್ನಾಗಿದೆ, ಆದರೆ ಇದೇ ಹಣ್ಣು ಪೇಟೆಯಲ್ಲೂ ಸಿಗುತ್ತದಲ್ಲ? ಬೆಂಗಳೂರಿನ ಹಣ್ಣಿನ ಅಂಗಡಿಗಳಿಗೂ ಅಕ್ಟೋಬರ್–ನವೆಂಬರಿನಲ್ಲಿ ಹಿಮಾಚಲದಿಂದ ಬರುತ್ತದೆ. ಕುಲು ಕಣಿವೆಯವರು ಜಪಾನಿ ಫಲ್ ಅನ್ನುವುದು ಇದಕ್ಕೇ. ಗಟ್ಟಿಯಾಗಿರುವುದರಿಂದ ಲಾರಿಯ ಕುಲುಕಾಟವನ್ನೂ ತಾಳುತ್ತದೆ. ಮನೆಯಲ್ಲಿ ಜಾಗ ಕೊಟ್ಟು ಸಾಕುವಷ್ಟು ವಿಶೇಷ ಇದರಲ್ಲಿ ನನಗೆ ಕಾಣಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ.

ಒಂದು ವಿಷಯ ಮಾತ್ರ ಇಲ್ಲಿ ತಿಳಿಯಿತು. ಚಳಿಗಾಲದಲ್ಲಿ ಕೊಂಬೆ ಸವರುವಾಗ ಇವರು ಎಲ್ಲ ತುದಿಗಳನ್ನೂ ಕತ್ತರಿಸುವುದಿಲ್ಲ. ಹಳೆಯ ಕಡ್ಡಿಯ ತುದಿಯ ಮೊಗ್ಗುಗಳಿಂದ ವಸಂತದಲ್ಲಿ ಹೊಸ ಚಿಗುರು ಬರುತ್ತದೆ, ಹೂವು ಕಚ್ಚುವುದು ಆ ಚಿಗುರಿನಲ್ಲೇ. ಬೇಲಿ ಟ್ರಿಮ್ ಮಾಡುವ ಹುಮ್ಮಸ್ಸಿನಲ್ಲಿ ಸಮನಾಗಿ ಸವರಿಬಿಟ್ಟರೆ ಆ ವರ್ಷದ ಫಸಲು ಕಸದ ಡಬ್ಬಕ್ಕೆ ಹೋದಂತೆ.

ಎರಡನೆಯ ಮರ ಬೇಲಿಯ ಪಕ್ಕ, ಹೆಸರು ಚಾಕೊಲೇಟ್. ಹೊರಗಿನಿಂದ ಎಲ್ಲವೂ ಕಿತ್ತಳೆ ಬಣ್ಣದ ಸಣ್ಣ ಹಣ್ಣುಗಳೇ. ಮನೆಯಾಕೆ ಚಾಕು ತಂದು ಎರಡನ್ನು ಹೋಳು ಮಾಡಿದರು. ಒಂದರ ತಿರುಳು ಕಂದು, ನಡುವೆ ಚಪ್ಪಟೆ ಬೀಜಗಳು. ಇನ್ನೊಂದರಲ್ಲಿ ಬೀಜವಿಲ್ಲ, ತಿರುಳು ಕಿತ್ತಳೆ. ಒಂದೇ ಕೊಂಬೆಯ ಹಣ್ಣುಗಳು ಅಂದರೆ ನಂಬುವುದು ಕಷ್ಟ. ಪರಾಗ ತಗುಲಿ ಬೀಜ ಕಟ್ಟಿದರೆ ತಿರುಳು ಕಂದಾಗಿ, ಗಟ್ಟಿ ಇರುವಾಗಲೇ ಒಗರು ಕಳೆದುಕೊಳ್ಳುತ್ತದೆ. ಬೀಜವಿಲ್ಲದ್ದು ಮೆತ್ತಗಾಗುವವರೆಗೆ ಒಗರು. ಕೊಯ್ಯದೆ ಯಾವುದು ಯಾವುದೆಂದು ಹೇಳಬಲ್ಲಿರಾ ಎಂದು ಕೇಳಿದೆ. "ನನಗೂ ಗೊತ್ತಾಗಲ್ಲ" ಅಂದರು. ಕಂದು ಹೋಳಿನಲ್ಲಿ ಬೆಲ್ಲದ ರುಚಿಯ ಸುಳಿವಿತ್ತು. ಆ ಹಿತ್ತಿಲಿನಲ್ಲಿ ಗಟ್ಟಿಯಾಗಿ ತಿಂದವುಗಳಲ್ಲಿ ನನ್ನ ವೋಟು ಇದಕ್ಕೇ.

ಮೂರನೆಯದು ಇನ್ನೂ ಕಾಯಿ ಬಿಡದ ಗಿಡ. ಹೆಸರು ನಿಕಿತಾಸ್ ಗಿಫ್ಟ್, ಕ್ರಿಮಿಯಾದ ನಿಕಿತಾ ಸಸ್ಯೋದ್ಯಾನದಿಂದ ಬಂದ ಮಿಶ್ರತಳಿ. ಏಷ್ಯಾದ ಪರ್ಸಿಮನ್ನಿನ ಜೊತೆಗೆ ಕಡುಚಳಿ ತಾಳುವ ಅಮೆರಿಕದ ಕಾಡು ಪರ್ಸಿಮನ್ ರಕ್ತವೂ ಇದರಲ್ಲಿದೆ. ಹಿಂದೆ ಗಾಲ್ಫ್ ದಾಂಡಿನ ತಲೆಗೆ ಬಳಸುತ್ತಿದ್ದದ್ದು ಆ ಕಾಡುಮರದ ಗಟ್ಟಿ ಕಟ್ಟಿಗೆಯನ್ನೇ. ನಮ್ಮ ಬೀಡಿ ಎಲೆಯ ಮರವೂ ಕರಿಮರವೂ ಇದೇ ಕುಲದವು. ಹಿಮ ಬೀಳದ ಈ ಊರಿಗೆ ಕಡುಚಳಿ ತಾಳುವ ತಳಿ ಯಾಕೆ ಬೇಕಿತ್ತೋ. ಕೂಡಿಡುವವರ ಆಸೆ ಇರಬೇಕು.

ಹಿತ್ತಿಲಿನ ಕೊನೆಯಲ್ಲಿ ದೊಡ್ಡ ಮರ. ಹಿಂದಿನ ಮಾಲೀಕರ ಕಾಲದ್ದು, ಹಾಚಿಯಾ ಜಾತಿ. ಎಲೆಯೆಲ್ಲ ಉದುರಿ ಬರಿ ಕೊಂಬೆಗಳ ತುಂಬ ಹಣ್ಣು. ಮೇಲೆ ಅಗಲ, ಕೆಳಗೆ ಚೂಪು, ಒಂದೊಂದೂ ಅಂಗೈ ತುಂಬುವಷ್ಟು. ನೋಡುವುದಕ್ಕೆ ಪೂರ್ತಿ ಹಣ್ಣಾದಂತಿವೆ, ಮುಟ್ಟಿದರೆ ಕಲ್ಲು.

"ಕಚ್ಚಿ ನೋಡಿ. ಆಮೇಲೆ ನನ್ನ ಬೈಬೇಡಿ" ಅಂದರು.

ಕಚ್ಚಿದೆ. ಮೊದಲು ಸಿಹಿ ಅನ್ನಿಸಿ, ಮರುಕ್ಷಣ ಎಳೆ ಅಡಿಕೆ ಅಗಿದಂತೆ ನಾಲಗೆ, ಕೆನ್ನೆ, ಗಂಟಲು ಎಲ್ಲ ಬಿಗಿದುಕೊಂಡವು. ನೀರು ಕುಡಿದರೂ ಹೋಗಲಿಲ್ಲ. ಹಣ್ಣಿನಲ್ಲಿ ಕರಗಿರುವ ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಹೀಗಾಗುತ್ತದೆ. ಹಣ್ಣು ಮಾಗುತ್ತ ಅದೇ ಟ್ಯಾನಿನ್ ಒಂದಕ್ಕೊಂದು ಹೆಣೆದುಕೊಂಡು ಕರಗದಂತಾಗುತ್ತದೆ. ಅದು ಎಲ್ಲಿಗೂ ಹೋಗಿರುವುದಿಲ್ಲ, ನಾಲಗೆಗೆ ಸಿಗುವುದಿಲ್ಲ ಅಷ್ಟೆ.

ಮರದ ಕೆಳಗಿನ ಕಟ್ಟೆಯ ಮೇಲೆ ಕೊಯ್ದ ಹಣ್ಣುಗಳನ್ನು ಚೂಪು ಮೇಲಾಗಿ ಸಾಲಾಗಿ ಇಟ್ಟಿದ್ದರು. ಕಿತ್ತರೆ ಟೋಪಿ ಹರಿದು ಬರುತ್ತದೆಂದು ತೊಟ್ಟು ಬಿಟ್ಟು ಕತ್ತರಿಯಿಂದಲೇ ಕೊಯ್ಯುತ್ತಾರೆ. ಅವಸರವಿದ್ದರೆ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಮುಚ್ಚಿಡುತ್ತಾರೆ. ಇಲ್ಲವಾದರೆ ತಾನಾಗಿಯೇ ಆಗಲಿ ಎಂದು ಬಿಡುತ್ತಾರೆ. ಆದ ಹಣ್ಣೊಂದನ್ನು ಅವರು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಸಿಪ್ಪೆಯೊಳಗಿನಿಂದ ಬೆಳಕು ತೂರುತ್ತಿತ್ತು. ಟೋಪಿ ತೆಗೆದು ಚಮಚದಲ್ಲಿ ತಿಂದೆ. ಸ್ವಲ್ಪ ಹೊತ್ತಿಗೆ ಮುಂಚೆ ನನ್ನ ಬಾಯಿ ಕಟ್ಟಿಹಾಕಿದ್ದು ಇದೇ ಹಣ್ಣೇ ಅನ್ನಿಸಿತು. ಈ ಹದದ ಹಣ್ಣನ್ನು ಯಾವ ಪೆಟ್ಟಿಗೆಯಲ್ಲಿ ತುಂಬಿ ಯಾವ ಅಂಗಡಿಗೆ ಕಳಿಸುತ್ತೀರಿ? ಮರ ಬೆಳೆಸಿದವರಿಗೆ, ಇಲ್ಲವೇ ಕೊಂಡು ತಂದು ಕಾಯುವವರಿಗೆ ಮಾತ್ರ ಇದು ದಕ್ಕುತ್ತದೆ. ಮನೆಯಲ್ಲಿ ಪರ್ಸಿಮನ್ ಬೆಳೆಸಲು ನನಗೆ ಕಂಡ ಕಾರಣ ಇದೊಂದೇ.

ಐದನೆಯ ಜಾತಿ ಸಿಕ್ಕಿದ್ದೂ ಈ ಮರದಲ್ಲೇ. ಎದೆಯೆತ್ತರದ ಒಂದು ಕೊಂಬೆಯಲ್ಲಿ ಉಬ್ಬಿದ ಗಂಟು, ಅದರಾಚೆಗೆ ಸಣ್ಣ, ಉದ್ದನೆಯ, ತಿಳಿಹಳದಿ ಹಣ್ಣುಗಳು. ಹಿರೋಷಿಮಾ ಕಡೆಯ ಸೈಜೊ ಎಂಬ ಜಾತಿಯ ಕಡ್ಡಿಯನ್ನು ಕಸಿ ಕಟ್ಟಿದ್ದಾರೆ. ಅದೂ ಮೆತ್ತಗಾದ ಮೇಲೆಯೇ ತಿನ್ನುವಂಥದು. ಹೊಸ ಗಿಡ ನೆಟ್ಟರೆ ವರ್ಷಗಟ್ಟಲೆ ಕಾಯಬೇಕು, ಬೇರೂರಿದ ಮರಕ್ಕೆ ಕಡ್ಡಿ ಕಟ್ಟಿದರೆ ಬೇಗ ಫಲ ಎಂಬುದು ಮನೆಯ ಯಜಮಾನರ ಲೆಕ್ಕ.

ಹಿಂಬಾಗಿಲ ಸೂರಿನಡಿ ಸಿಪ್ಪೆ ಹೆರೆದ ಹಾಚಿಯಾಗಳನ್ನು ತೊಟ್ಟಿಗೆ ದಾರ ಕಟ್ಟಿ ಇಳಿಬಿಟ್ಟಿದ್ದರು. ಜಪಾನಿನವರು ಹೋಶಿಗಾಕಿ ಎಂಬ ಒಣ ಪರ್ಸಿಮನ್ ಮಾಡುವ ಬಗೆ ಇದು. ಕ್ಯಾಲಿಫೋರ್ನಿಯದ ಪ್ಲೇಸರ್ ಕೌಂಟಿಯಲ್ಲಿ ಜಪಾನಿ ಮೂಲದ ರೈತ ಕುಟುಂಬಗಳು ಇದನ್ನು ಉಳಿಸಿಕೊಂಡು ಬಂದಿವೆ. ಮೇಲ್ಮೈ ಒಣಗಿದ ಮೇಲೆ ಆಗಾಗ ಬೆರಳಲ್ಲಿ ಮೆಲ್ಲಗೆ ಹಿಸುಕುತ್ತಿರಬೇಕು. ನಾಲ್ಕರಿಂದ ಆರು ವಾರಕ್ಕೆ ಒಳಗಿನ ಸಕ್ಕರೆಯೇ ಬಿಳಿ ಪುಡಿಯಾಗಿ ಹೊರಬರುತ್ತದೆ. ಹಳೆಯ ಸಾಲಿನಲ್ಲಿ ಬೂದು ಹತ್ತಿದಂತಿದ್ದದ್ದು ಸಕ್ಕರೆಯೋ ಬೂಸ್ಟೋ ಎಂದು ಹತ್ತಿರ ಹೋಗಿ ನೋಡಿದೆ. ಸಕ್ಕರೆಯೇ.

ಅಡುಗೆಮನೆಯಲ್ಲಿ ಹಾಚಿಯಾ ತಿರುಳಿನ ಸೀಕರಣೆ ಕಾದಿತ್ತು. ಹಾಲು, ಏಲಕ್ಕಿ, ಅಷ್ಟೆ. ಹಲ್ವ ಯಾಕೆ ಮಾಡಲಿಲ್ಲ ಎಂದು ಕೇಳಿದೆ. ಒಲೆಯ ಮೇಲಿಟ್ಟರೆ ಒಗರು ಮತ್ತೆ ತಲೆಯೆತ್ತುತ್ತದಂತೆ. ಕೇಕ್ ಮಾಡುವವರು ತಿರುಳಿಗೆ ಅಡುಗೆ ಸೋಡಾ ಬೆರೆಸುವುದು ಅದಕ್ಕೇ. ಬರಿ ಹೊಟ್ಟೆಯಲ್ಲಿ ಒಗರು ಹಣ್ಣು ತಿನ್ನಬಾರದೆಂದೂ ಹೇಳಿದರು. ಅದು ಬರೀ ಅಜ್ಜಿ ಮಾತಲ್ಲ, ಟ್ಯಾನಿನ್ ಹೊಟ್ಟೆಯಲ್ಲಿ ಗಟ್ಟಿ ಉಂಡೆ ಕಟ್ಟಿಕೊಂಡ ಉದಾಹರಣೆಗಳು ವೈದ್ಯರ ದಾಖಲೆಯಲ್ಲಿವೆ.

ಒಂದೇ ಮರಕ್ಕೆ ಜಾಗ ಇದ್ದರೆ ಏನು ನೆಡಬೇಕು ಎಂದು ಕೇಳಿದೆ. ಮನೆಯಾಕೆ ಹಾಚಿಯಾ ಅಂದರು. ಯಜಮಾನರು ಫುಯು ಅಂದರು, ಚಮಚವಿಲ್ಲದೆ ಆಫೀಸಿಗೆ ಒಯ್ಯಬಹುದು ಎಂಬ ಕಾರಣ ಕೊಟ್ಟು. ಜಾಗ ಒಂದೇ ಮರಕ್ಕಿದ್ದರೂ ಕಸಿಗೆ ಅಡ್ಡಿಯಿಲ್ಲ. ಚಳಿಗಾಲದಲ್ಲಿ ಇವರು ಕಸಿಕಡ್ಡಿ ಕತ್ತರಿಸಿ ತೇವದ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡುತ್ತಾರೆ, ವಸಂತದಲ್ಲಿ ಕಟ್ಟುತ್ತಾರೆ. ದೊಡ್ಡ ಮರದಲ್ಲಿ ಇನ್ನೊಂದು ಕೊಂಬೆಯನ್ನು ಆಗಲೇ ಗುರುತು ಮಾಡಿಯಾಗಿದೆ. ಅದಕ್ಕೆ ಯಾವ ಜಾತಿ ಎಂಬುದು ನಾನು ಹೊರಡುವವರೆಗೂ ಇತ್ಯರ್ಥವಾಗಿರಲಿಲ್ಲ.